ಕಂಪ್ಯಾಕ್ಷನ್ ಹೊತ್ತಿಗೆ 1 ಜಿಬಿ ಮೆಮೊರಿ ಸಾಲುತ್ತಿಲ್ಲ, ಸಿಪಿಯು ಕೂಡ ಏದುಸಿರು ಬಿಡುತ್ತಿದೆ

ಹೇಮಾವತಿದಂಡೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯ ಕಡೆಯ ದೊಡ್ಡ ಕಾಫಿ ತೋಟವೊಂದರಲ್ಲಿ ಮಣ್ಣಿನ ತೇವಾಂಶ, ಮಳೆಯ ಪ್ರಮಾಣ, ಎಲೆಯ ಮೇಲಿನ ಪಸೆ ಮುಂತಾದವನ್ನು ಅಳೆಯುವ ಸೆನ್ಸರ್‌ಗಳಿವೆ. ಅವುಗಳ ದತ್ತಾಂಶವನ್ನು ತೋಟದ ಮನೆಯಲ್ಲೇ ಇಟ್ಟ ಸಣ್ಣ ಪೆಟ್ಟಿಗೆಯೊಂದರಲ್ಲಿ ಕೂಡಿಡುವ ವ್ಯವಸ್ಥೆಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಪೆಟ್ಟಿಗೆಯಲ್ಲಿ ನಾಲ್ಕು ಕೋರ್‌ಗಳ ಆರ್ಮ್ ಪ್ರೊಸೆಸರ್, 1 ಜಿಬಿ ಮೆಮೊರಿ ಮತ್ತು 64 ಜಿಬಿ ಇಎಂಎಂಸಿ (ಬೋರ್ಡಿನ ಮೇಲೇ ಇರುವ ಫ್ಲ್ಯಾಶ್ ಸಂಗ್ರಹ) ಇವೆ. ದತ್ತಾಂಶ ರಾಕ್ಸ್‌ಡಿಬಿಯಲ್ಲಿದೆ; ಅದು ಪ್ರತಿ ದಾಖಲೆಯನ್ನು ಗುರುತಿಸುವ ಕೀಯ ಕ್ರಮದಲ್ಲಿ ಜೋಡಿಸಿ, ಹಂತಹಂತದ ಕಡತಗಳಲ್ಲಿ ಇಡುವ ದತ್ತಸಂಚಯ. 500 ಸೆನ್ಸರ್‌ಗಳಿಂದ ನಿಮಿಷಕ್ಕೊಂದು ದಾಖಲೆ ಬರುತ್ತದೆ, ದಾಖಲೆಯೊಂದು ಸುಮಾರು 100 ಬೈಟು. ಒಂದು ವರ್ಷದ್ದನ್ನು ಇಟ್ಟುಕೊಳ್ಳುತ್ತೇವೆ. ಕುಗ್ಗಿಸದೆ ಲೆಕ್ಕ ಹಾಕಿದರೆ 24 ಜಿಬಿ, ಡಿಸ್ಕಿನ ಮೇಲೆ ಸುಮಾರು 10 ಜಿಬಿ.

ಹಗಲೆಲ್ಲ ಬರಹ ಸುಸೂತ್ರವಾಗಿ ನಡೆಯುತ್ತದೆ. ರಾತ್ರಿ 12ಕ್ಕೆ ಒಂದು ಕೆಲಸ ಓಡುತ್ತದೆ: ವರ್ಷಕ್ಕಿಂತ ಹಳೆಯ ದಾಖಲೆಗಳನ್ನು ಅಳಿಸಿ, ಜಾಗ ಬಿಡಿಸಿಕೊಳ್ಳಲು ಪೂರ್ತಿ ಕಂಪ್ಯಾಕ್ಷನ್‌ಗೆ (ಎಲ್ಲ ಹಂತಗಳ ಕಡತಗಳನ್ನು ಕೀಗಳ ಕ್ರಮದಲ್ಲಿ ಹೆಣೆದು, ಅಳಿಸಿದ್ದನ್ನು ಬಿಟ್ಟು ಹೊಸದಾಗಿ ಬರೆಯುವ ಕೆಲಸಕ್ಕೆ) ಕರೆ ಕೊಡುತ್ತದೆ. ಆಗ ನಾಲ್ಕೂ ಕೋರ್‌ಗಳು ತುಂಬಿಹೋಗುತ್ತವೆ, ಪೆಟ್ಟಿಗೆ ಕಾಯುತ್ತದೆ, ಮೆಮೊರಿ ಏರುತ್ತಾ ಹೋಗಿ ಕೊನೆಗೆ ಕರ್ನಲ್ ಪ್ರಕ್ರಿಯೆಯನ್ನೇ ಕೊಂದುಹಾಕುತ್ತದೆ. ಸಂಯೋಜನೆ ಹೀಗಿದೆ: ಬ್ಲಾಕ್ (ಕಡತದೊಳಗಿನ ಓದುವ ತುಣುಕು) 4 ಕೆಬಿ, ಬ್ಲೂಮ್ ಫಿಲ್ಟರ್ (ಕೀ ಕಡತದಲ್ಲಿಲ್ಲ ಎಂದು ಬೇಗ ಹೇಳುವ ಬಿಟ್‌ಗಳ ಪಟ್ಟಿ) ಕೀಗೆ 10 ಬಿಟ್, ಸಂಕೋಚನಕ್ಕೆ ಮೇಲಿನ ಹಂತಗಳಲ್ಲಿ ಎಲ್‌ಝಡ್4, ಕೊನೆಯ ಹಂತದಲ್ಲಿ ಡಿಕ್ಷನರಿ (ಮರುಕಳಿಸುವ ತುಣುಕುಗಳ ಪಟ್ಟಿ) ಸಹಿತ ಝಡ್‌ಸ್ಟ್ಯಾಂಡರ್ಡ್, ಸಬ್‌ಕಂಪ್ಯಾಕ್ಷನ್ (ಒಂದು ಕಂಪ್ಯಾಕ್ಷನ್ನನ್ನು ಒಟ್ಟಿಗೆ ಓಡುವ ಭಾಗಗಳಾಗಿ ಒಡೆಯುವುದು) 4, ಬ್ಲಾಕ್ ಕ್ಯಾಶ್ 128 ಎಂಬಿ, ರೈಟ್ ಬಫರ್ (ಹೊಸ ಬರಹ ಕಡತವಾಗುವ ಮೊದಲು ಮೆಮೊರಿಯಲ್ಲಿ ಕೂಡುವ ಜಾಗ) 64 ಎಂಬಿಯ ಎರಡು, ಕಡತದ ಗುರಿ ಗಾತ್ರ 64 ಎಂಬಿ. ತೆರೆದಿಡುವ ಕಡತಗಳಿಗೆ ಮಿತಿಯಿಲ್ಲ. ಕೀಯಲ್ಲಿ ಮೊದಲು ಸೆನ್ಸರ್ ಸಂಖ್ಯೆ, ಆಮೇಲೆ ಸಮಯ. ಇದೆಲ್ಲ ನನಗಿಂತ ಹಿಂದೆ ಇದ್ದವರು ಬರೆದಿಟ್ಟದ್ದು.

ಕಂಪ್ಯಾಕ್ಷನ್ ಎಂಬುದೇ ಇಷ್ಟು ಮೆಮೊರಿ ಬೇಡುವ ಕೆಲಸವೇ, ಅಥವಾ ಎಲ್ಲೋ ಯಾವುದೋ ತಿರುಪನ್ನು ಸಡಿಲಿಸಿದರೆ ಸಾಕೇ?

ರಾತ್ರಿಪಾಳಿ

ಝಡ್‌ರ್ಯಾಮ್ (ಮೆಮೊರಿ ಪುಟಗಳನ್ನು ಕುಗ್ಗಿಸಿಡುವ ವ್ಯವಸ್ಥೆ) ಹಾಕಿ ನೋಡಿ. 1 ಜಿಬಿಯ ಯಂತ್ರದಲ್ಲಿ ಅದಿಲ್ಲದೆ ಏನನ್ನೂ ಓಡಿಸಬಾರದು.

ಕಡತಗಾರ

ಝಡ್‌ರ್ಯಾಮ್‌ಗೆ ಕೈಹಾಕುವ ಮೊದಲು ಮೆಮೊರಿ ಎಲ್ಲಿ ಹೋಗುತ್ತಿದೆ ಎಂದು ಕಾಗದದ ಮೇಲೆ ಕೂಡಿಸಿ ನೋಡೋಣ, ಏಕೆಂದರೆ ಕಂಪ್ಯಾಕ್ಷನ್ನಿನ ಮುಖ್ಯ ಕೆಲಸವಾದ ಹೆಣೆಯುವಿಕೆಗೆ ಬೇಕಾಗುವ ಮೆಮೊರಿ ಬಹಳ ಕಡಿಮೆ. ಎಲ್‌0ದಲ್ಲಿ (ಹೊಸ ಕಡತಗಳು ಮೊದಲು ಸೇರುವ ಅತಿ ಮೇಲಿನ ಹಂತದಲ್ಲಿ) ನಾಲ್ಕು ಕಡತ, ಕೆಳಗಿನ ಪ್ರತಿ ಹಂತದಿಂದ ಒಂದು ಹೊತ್ತಿಗೆ ಒಂದೇ ಕಡತ. ಅಂದರೆ ಹೆಚ್ಚೆಂದರೆ ಆರೇಳು ಸಾಲುಗಳನ್ನು ಒಟ್ಟಿಗೆ ಓದಬೇಕು. ಸಾಲಿಗೆ 2 ಎಂಬಿ ಮುಂಗಡ ಓದು ಎಂದುಕೊಂಡರೂ 12ರಿಂದ 14 ಎಂಬಿ ಸಾಕು. ನಾಲ್ಕು ಸಬ್‌ಕಂಪ್ಯಾಕ್ಷನ್‌ಗಳಿಗೆ ಸೇರಿ 60 ಎಂಬಿ ಮುಟ್ಟುವುದಿಲ್ಲ.

ಉಳಿದದ್ದನ್ನು ನೋಡಿ. ಬ್ಲಾಕ್ ಗಾತ್ರವನ್ನು ಕುಗ್ಗಿಸುವ ಮೊದಲಿನ ಅಳತೆಯಲ್ಲಿ ಎಣಿಸಲಾಗುತ್ತದೆ. 24 ಜಿಬಿಯನ್ನು 4 ಕೆಬಿಯಿಂದ ಭಾಗಿಸಿದರೆ ಸುಮಾರು 63 ಲಕ್ಷ ಬ್ಲಾಕ್‌ಗಳಾಗುತ್ತವೆ. ಬ್ಲಾಕಿಗೊಂದು ಇಂಡೆಕ್ಸ್ ನಮೂದು, ನಮೂದಿಗೆ 25 ಬೈಟು ಎಂದರೂ 150 ಎಂಬಿ. ದಾಖಲೆಗಳು 26 ಕೋಟಿ. ಕೀಗೆ 10 ಬಿಟ್ ಎಂದರೆ ಫಿಲ್ಟರ್‌ಗಳಿಗೇ ಸುಮಾರು 300 ಎಂಬಿ. ತೆರೆದಿಡುವ ಕಡತಗಳಿಗೆ ಮಿತಿ ಹಾಕದಿದ್ದಾಗ ಮತ್ತು ಇಂಡೆಕ್ಸ್, ಫಿಲ್ಟರ್‌ಗಳನ್ನು ಬ್ಲಾಕ್ ಕ್ಯಾಶಿನೊಳಗೆ ಇಡಬೇಕೆಂದು ಹೇಳದಿದ್ದಾಗ, ಇವೆರಡೂ ಕ್ಯಾಶಿನ ಲೆಕ್ಕಕ್ಕೆ ಸಿಗದೆ ಹೊರಗಡೆ ಶಾಶ್ವತವಾಗಿ ಕುಳಿತಿರುತ್ತವೆ. ಅದರ ಮೇಲೆ ರೈಟ್ ಬಫರ್‌ಗಳ 128 ಎಂಬಿ, ಬ್ಲಾಕ್ ಕ್ಯಾಶಿನ 128 ಎಂಬಿ. ರಾತ್ರಿ 12 ಗಂಟೆಗೆ ಮೊದಲೇ ನೀವು 700 ಎಂಬಿಯ ಆಸುಪಾಸಿನಲ್ಲಿದ್ದೀರಿ.

ಇನ್ನು ಡಿಕ್ಷನರಿ. ಝಡ್‌ಸ್ಟ್ಯಾಂಡರ್ಡ್ ಡಿಕ್ಷನರಿಯನ್ನು ಕಡತದೊಳಗಿನ ಮಾದರಿಗಳಿಂದ ಕಟ್ಟಬೇಕು, ಆದ್ದರಿಂದ ರಾಕ್ಸ್‌ಡಿಬಿ ಬ್ಲಾಕ್‌ಗಳನ್ನು ಕುಗ್ಗಿಸದೆ ಮೆಮೊರಿಯಲ್ಲೇ ತಡೆಹಿಡಿದು, ಡಿಕ್ಷನರಿ ಸಿದ್ಧವಾದ ಮೇಲೆ ಬರೆಯಲು ತೊಡಗುತ್ತದೆ. ಈ ತಡೆಹಿಡಿಯುವಿಕೆಗೆ ಪ್ರತ್ಯೇಕ ಮಿತಿ ಕೊಡದಿದ್ದರೆ ಕಡತದ ಗುರಿ ಗಾತ್ರವೇ ಮಿತಿಯಾಗುತ್ತದೆ. 64 ಎಂಬಿ, ನಾಲ್ಕು ಸಬ್‌ಕಂಪ್ಯಾಕ್ಷನ್: ಇನ್ನೊಂದು 256 ಎಂಬಿ. ಕೂಡಿಸಿ ನೋಡಿ, 1 ಜಿಬಿ ಎಲ್ಲಿ ಹೋಯಿತೆಂದು ಗೊತ್ತಾಗುತ್ತದೆ.

ಎರಡನೇಮಹಡಿ

ಇಷ್ಟು ಸಣ್ಣ ಯಂತ್ರಕ್ಕೆ ರಾಕ್ಸ್‌ಡಿಬಿಯೇ ಅತಿಯಾಯಿತು. ಒಂದೇ ಕಡತದ ದತ್ತಸಂಚಯವಾದ ಎಸ್‌ಕ್ಯೂಲೈಟ್ ಹಾಕಿದ್ದರೆ ಕಂಪ್ಯಾಕ್ಷನ್ ಎಂಬ ಮಾತೇ ಬರುತ್ತಿರಲಿಲ್ಲ.

ನಿಧಾನಿ

ಬರುತ್ತಿತ್ತು, ಬೇರೆ ಹೆಸರಿನಲ್ಲಿ. ಎಸ್‌ಕ್ಯೂಲೈಟಿನಲ್ಲಿ ಅಳಿಸಿದ ಪುಟಗಳು ಕಡತದೊಳಗೇ ಖಾಲಿ ಪುಟಗಳಾಗಿ ಉಳಿಯುತ್ತವೆ. ಕಡತ ಚಿಕ್ಕದಾಗಬೇಕೆಂದರೆ ವ್ಯಾಕ್ಯೂಮ್ ಓಡಿಸಬೇಕು, ಅದು ಇಡೀ ದತ್ತಾಂಶವನ್ನು ಇನ್ನೊಂದು ಕಡತಕ್ಕೆ ನಕಲು ಮಾಡುತ್ತದೆ ಮತ್ತು ಆ ಹೊತ್ತಿನಲ್ಲಿ ಮೂಲ ಗಾತ್ರದ ಎರಡು ಪಟ್ಟಿನವರೆಗೆ ಖಾಲಿ ಜಾಗ ಕೇಳುತ್ತದೆ. ಹಂತಹಂತವಾಗಿ ಮಾಡುವ ಬಗೆಯೂ ಇದೆ, ಆದರೆ ಅದು ಪುಟಗಳನ್ನು ಸ್ಥಳಾಂತರಿಸುತ್ತದೆಯೇ ಹೊರತು ಒಳಗಿನ ಚದುರುವಿಕೆಯನ್ನು ಸರಿಪಡಿಸುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ.

ಎರಡನೇಮಹಡಿ

ದಿನಕ್ಕೆ ಅಳಿಸುವಷ್ಟೇ ಸೇರಿಸುವವರು ವ್ಯಾಕ್ಯೂಮ್ ಏಕೆ ಮಾಡಬೇಕು? ಖಾಲಿ ಪುಟಗಳನ್ನು ನಾಳೆಯ ದಾಖಲೆಗಳು ತುಂಬುತ್ತವೆ.

ನಿಧಾನಿ

ಆ ಮಾತು ಸರಿ, ಒಪ್ಪುತ್ತೇನೆ. ಆದರೆ 24 ಜಿಬಿಯನ್ನು 10 ಜಿಬಿಗೆ ಇಳಿಸುವ ಸಂಕೋಚನ ಎಸ್‌ಕ್ಯೂಲೈಟಿನಲ್ಲಿ ತಾನಾಗಿ ಸಿಗುವುದಿಲ್ಲ. 500 ಕಡೆ ಚದುರಿದ ಬರಹಗಳನ್ನು ಇಎಂಎಂಸಿ ಹೇಗೆ ತಡೆದುಕೊಳ್ಳುತ್ತದೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ಇಲ್ಲಿ ಕೇಳಿದ ಪ್ರಶ್ನೆ ಬೇರೆ, ಅದಕ್ಕೇ ಬರೋಣ.

ಅಂಕಿಅಂಶ

ಕಡತಗಾರರ ಲೆಕ್ಕ ಚೆನ್ನಾಗಿದೆ, ಆದರೆ ಮೂಲ ಪ್ರಶ್ನೆಯಲ್ಲೇ ಇರುವ ಒಂದು ಅಂಕಿಯನ್ನು ಎಲ್ಲರೂ ದಾಟಿಹೋಗಿದ್ದೀರಿ. 500 ಸೆನ್ಸರ್, ನಿಮಿಷಕ್ಕೊಂದು ದಾಖಲೆ, ದಿನಕ್ಕೆ 1,440 ನಿಮಿಷ: ದಿನಕ್ಕೆ 7.2 ಲಕ್ಷ ದಾಖಲೆ, 72 ಎಂಬಿ. ಸೆಕೆಂಡಿಗೆ ಒಂಬತ್ತು ದಾಖಲೆಯೂ ಇಲ್ಲ. ಇಷ್ಟು ಮಂದಗತಿಯ ಬರಹಕ್ಕೆ ನಾಲ್ಕು ಕೋರ್ ಬಿಸಿಯಾಗುತ್ತಿವೆ ಎಂದರೆ ಯಾವ ತಿರುಪನ್ನು ಸಡಿಲಿಸಬೇಕೆಂದು ಕೇಳುವ ಮೊದಲು ಅಷ್ಟೊಂದು ಕೆಲಸ ಎಲ್ಲಿಂದ ಬಂತು ಎಂದು ಕೇಳಬೇಕು.

ಕೆಲಸ ಬಂದದ್ದು ಕೀಯ ಕ್ರಮದಿಂದ. ಕೊನೆಯ ಹಂತದಲ್ಲಿ 10 ಜಿಬಿ ಇದೆ, ಕಡತಕ್ಕೆ 64 ಎಂಬಿ, ಅಂದರೆ 160 ಕಡತ. ಸೆನ್ಸರ್ ಸಂಖ್ಯೆ ಮೊದಲು ಬರುವುದರಿಂದ ಪ್ರತಿ ಕಡತದಲ್ಲಿ ಸುಮಾರು ಮೂರು ಸೆನ್ಸರ್‌ಗಳ ಇಡೀ ವರ್ಷದ ದಾಖಲೆಗಳಿವೆ. ಇಂದಿನ 72 ಎಂಬಿಯಲ್ಲಿ 500 ಸೆನ್ಸರ್‌ಗಳ ದಾಖಲೆಗಳೂ ಇರುವುದರಿಂದ ಅದು 160 ಕಡತಗಳನ್ನೂ ಮುಟ್ಟುತ್ತದೆ. ಅಳಿಸಿದ ಗುರುತುಗಳೂ ಹಾಗೆಯೇ, ಪ್ರತಿ ಸೆನ್ಸರಿನ ತುದಿಯಲ್ಲೊಂದು ಚೂರು. ಆದ್ದರಿಂದ 72 ಎಂಬಿ ಒಳಗೆ ತಂದು 72 ಎಂಬಿ ಹೊರಗೆ ಹಾಕಲು ಪ್ರತಿ ರಾತ್ರಿ 10 ಜಿಬಿಯನ್ನು ಓದಿ, ಬಿಚ್ಚಿ, ಹೆಣೆದು, ಮತ್ತೆ ಕುಗ್ಗಿಸಿ ಬರೆಯುತ್ತಿದ್ದೀರಿ. ವರ್ಷಕ್ಕೆ 3.6 ಟಿಬಿಗೂ ಮಿಕ್ಕ ಬರಹ, ಸಣ್ಣದೊಂದು ಇಎಂಎಂಸಿಯ ಮೇಲೆ.

ಸಮಯವನ್ನು ಕೀಯ ಮುಂದಕ್ಕೆ ತನ್ನಿ. ಆಗ ಇಂದಿನ ದಾಖಲೆಗಳೆಲ್ಲ ಕೊನೆಯ ತುದಿಯಲ್ಲಿ ಸೇರುತ್ತವೆ, ಹಳೆಯವೆಲ್ಲ ಮೊದಲ ತುದಿಯಲ್ಲಿ ಇರುತ್ತವೆ, ನಡುವಿನ ಕಡತಗಳನ್ನು ಯಾರೂ ಮುಟ್ಟಬೇಕಾಗಿಲ್ಲ. ಕೆಳಗಿನ ಹಂತದಲ್ಲಿ ಕೀಗಳ ವ್ಯಾಪ್ತಿ ಅತಿಕ್ರಮಿಸುವ ಕಡತವೇ ಇಲ್ಲದಿದ್ದರೆ ರಾಕ್ಸ್‌ಡಿಬಿ ಕಡತದೊಳಗಿನ ಒಂದು ಬೈಟನ್ನೂ ಓದದೆ, ಅದು ಇನ್ನು ಕೆಳಗಿನ ಹಂತದ್ದು ಎಂದು ದಾಖಲೆ ಪುಸ್ತಕದಲ್ಲಷ್ಟೇ ಬರೆದುಕೊಳ್ಳುತ್ತದೆ. ಹಳೆಯದನ್ನು ಒಂದೊಂದೇ ಅಳಿಸದೆ ಕಡತಗಟ್ಟಲೆ ಎತ್ತಿಹಾಕುವ ಕರೆಯೂ ಇದೆ.

ನಿಧಾನಿ

ಬರೆಯುವ ಕಡೆಯನ್ನಷ್ಟೇ ನೋಡಿ ಹೇಳಿದ ಮಾತಿದು. ತೋಟದ ಮೇಲ್ವಿಚಾರಕರು ಕೇಳುವುದು ತೋಟದ ಹನ್ನೆರಡನೇ ಬ್ಲಾಕಿನ ಸೆನ್ಸರ್ ಕಳೆದ ತಿಂಗಳೆಲ್ಲ ಏನು ತೋರಿಸಿತು ಎಂಬುದನ್ನೇ ಹೊರತು ನಿನ್ನೆ ಹತ್ತು ಗಂಟೆಗೆ 500 ಸೆನ್ಸರ್‌ಗಳೂ ಏನು ಹೇಳಿದವು ಎಂಬುದನ್ನಲ್ಲ. ಬರೀ ಸಮಯ ಮುಂದಿದ್ದರೆ ಒಂದು ಸೆನ್ಸರಿನ ತಿಂಗಳ 43,200 ದಾಖಲೆಗಳಿಗಾಗಿ 2.16 ಕೋಟಿ ದಾಖಲೆಗಳನ್ನು ದಾಟಿಹೋಗಬೇಕು. ಕಂಪ್ಯಾಕ್ಷನ್ನಿನ ಬಿಸಿಯನ್ನು ರಾತ್ರಿಯಿಂದ ಹಗಲಿಗೆ, ಬರಹದಿಂದ ಓದಿಗೆ ವರ್ಗಾಯಿಸಿದಂತಾಯಿತು, ಅಷ್ಟೇ.

ಅಂಕಿಅಂಶ

ನಡುವಿನ ದಾರಿ ಇದೆಯಲ್ಲ: ಮೊದಲು ದಿನ, ಆಮೇಲೆ ಸೆನ್ಸರ್, ಆಮೇಲೆ ದಿನದೊಳಗಿನ ಸಮಯ. ತಿಂಗಳ ಓದು ಎಂದರೆ 30 ಬಾರಿ ಜಿಗಿದು, ಪ್ರತಿ ಬಾರಿ ಒತ್ತಾಗಿ ಕುಳಿತ 1,440 ದಾಖಲೆಗಳನ್ನು ಓದುವುದು. ಇಷ್ಟಕ್ಕೆ ಯಾವ ಮೇಲ್ವಿಚಾರಕರೂ ಗೊಣಗುವುದಿಲ್ಲ. ಸಂಖ್ಯೆಗಳನ್ನು ದೊಡ್ಡ ಬೈಟು ಮೊದಲಾಗಿ ಬರೆಯುವುದನ್ನು ಮರೆಯಬೇಡಿ, ಇಲ್ಲವಾದರೆ ಬೈಟುಗಳ ಹೋಲಿಕೆ ದಿನಗಳ ಕ್ರಮವನ್ನೇ ಕಲಸಿಬಿಡುತ್ತದೆ.

ನಿಧಾನಿ

ಇದನ್ನು ಮೊದಲೇ ಹೇಳಬಹುದಿತ್ತು. ದಿನವೇ ಏಕೆ, ವಾರ ಏಕಾಗಬಾರದು?

ಅಂಕಿಅಂಶ

ದಿನದ 72 ಎಂಬಿ ಹೆಚ್ಚುಕಡಿಮೆ ಒಂದು ರೈಟ್ ಬಫರಿಗೆ ಹೊಂದುತ್ತದೆ, ಅದಕ್ಕೆ. ಬಫರನ್ನು 96 ಎಂಬಿ ಮಾಡಿ, ಮಧ್ಯರಾತ್ರಿ ಬಲವಂತವಾಗಿ ಫ್ಲಶ್ ಮಾಡಿದರೆ (ಬಫರನ್ನು ಡಿಸ್ಕಿಗೆ ಬರೆಸಿದರೆ) ದಿನಕ್ಕೊಂದೇ ಎಲ್‌0 ಕಡತ ಹುಟ್ಟುತ್ತದೆ ಮತ್ತು ಒಂದು ಇನ್ನೊಂದನ್ನು ಅತಿಕ್ರಮಿಸುವುದಿಲ್ಲ. ವಾರವನ್ನು ತೆಗೆದುಕೊಂಡರೆ ಏಳು ಕಡತಗಳೂ ಒಂದನ್ನೊಂದು ಅತಿಕ್ರಮಿಸುವುದರಿಂದ ಅವನ್ನು ಹೆಣೆಯಲೇಬೇಕಾಗುತ್ತದೆ.

ಹೇಮಾವತಿದಂಡೆ

ಇಷ್ಟು ಬೇಗ ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಧನ್ಯವಾದ. ಒಂದು ತೊಡಕನ್ನು ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ತೋಟದ ದೂರದ ಬ್ಲಾಕ್‌ಗಳಿಂದ ಮನೆಯವರೆಗಿನ ರೇಡಿಯೊ ಕೊಂಡಿ ಆಗಾಗ ಕಡಿದುಹೋಗುತ್ತದೆ, ಸೌರಫಲಕಗಳಿಗೆ ಬಿಸಿಲೂ ಇರುವುದಿಲ್ಲ. ನಡುವಿನ ರಿಲೇ ಪೆಟ್ಟಿಗೆಗಳು ದತ್ತಾಂಶವನ್ನು ತಮ್ಮಲ್ಲೇ ಹಿಡಿದಿಟ್ಟುಕೊಂಡು ಎರಡು ಮೂರು ದಿನ ಕಳೆದು ಒಟ್ಟಿಗೆ ಕಳುಹಿಸುತ್ತವೆ. ಮೊನ್ನೆಯ ದಾಖಲೆ ಇಂದು ಬಂದರೆ ಈ ಕ್ರಮವೆಲ್ಲ ಕೆಡುವುದಿಲ್ಲವೇ?

ಸರ್ವರ್‌ಕೋಣೆ

ನಾನು ಕಸಾಂಡ್ರ ಎಂಬ ದತ್ತಸಂಚಯವನ್ನು ನೋಡಿಕೊಳ್ಳುವವನು, ಇದೇ ಪ್ರಶ್ನೆ ಅಲ್ಲಿ ಬಹಳ ಹಳೆಯದು. ಗಾತ್ರ ನೋಡಿ ಕಡತಗಳನ್ನು ಕೂಡಿಸುವ ಅಲ್ಲಿನ ಹಳೆಯ ಪದ್ಧತಿಯಲ್ಲಿ ದೊಡ್ಡ ಕಡತಗಳು ಕೂಡುವ ಹೊತ್ತಿಗೆ ಡಿಸ್ಕಿನ ಅರ್ಧದಷ್ಟನ್ನು ಖಾಲಿ ಇಟ್ಟುಕೊಂಡಿರಬೇಕಾಗಿತ್ತು. ಕಾಲಶ್ರೇಣಿಯ ದತ್ತಾಂಶಕ್ಕಾಗಿ ಆಮೇಲೆ ಬಂದ ಟೈಮ್ ವಿಂಡೋ ಪದ್ಧತಿ, ಒಂದು ಕಿಟಕಿಯ ಅವಧಿ ಮುಗಿದೊಡನೆ ಅದರ ಕಡತಗಳನ್ನು ಒಂದಾಗಿಸಿ ಮತ್ತೆಂದೂ ಮುಟ್ಟುವುದಿಲ್ಲ. ಕಡತದೊಳಗಿನ ಎಲ್ಲದರ ಆಯುಷ್ಯ ಮುಗಿದಾಗ ಇಡೀ ಕಡತವನ್ನು ಎತ್ತಿಹಾಕುತ್ತದೆ. ಅಲ್ಲಿ ತಡವಾಗಿ ಬಂದ ದಾಖಲೆ ಬರೆದ ಹೊತ್ತಿನ ಕಿಟಕಿಗೆ ಸೇರಿಬಿಡುತ್ತದೆ, ಮತ್ತು ಹಾಗೆ ಹೊಸ ಕಾಲದ ಜೊತೆ ಬೆರೆತ ಹಳೆಯ ಕಾಲದ ಚೂರುಗಳು ಕಡತಗಳನ್ನು ಎತ್ತಿಹಾಕಲು ಅಡ್ಡಬರುತ್ತವೆ.

ನಿಮ್ಮಲ್ಲಿ ಅಷ್ಟು ಗೋಜಲು ಇಲ್ಲ, ಏಕೆಂದರೆ ದಿನ ಕೀಯೊಳಗೇ ಇದೆ. ಮೊನ್ನೆಯ ದಾಖಲೆ ಇಂದು ಬಂದರೆ ಇಂದಿನ ಎಲ್‌0 ಕಡತದ ವ್ಯಾಪ್ತಿ ಮೊನ್ನೆಯವರೆಗೆ ಹಿಗ್ಗುತ್ತದೆ, ಕೆಳಗಿನ ಹಂತದ ಎರಡು ಮೂರು ಕಡತಗಳೊಡನೆ ಅದನ್ನು ಹೆಣೆಯಬೇಕಾಗುತ್ತದೆ. 160 ಕಡತಗಳ ಬದಲು ಮೂರು. ಜುಲೈ ತಿಂಗಳೆಲ್ಲ ದಿನವೂ ಹಾಗಾದರೂ ಚಿಂತೆಯಿಲ್ಲ.

ಬಿಸಿಲುಕುದುರೆ

ಫೀಫೋ ಕಂಪ್ಯಾಕ್ಷನ್ ಇದೆಯಲ್ಲ, ಅದನ್ನು ಯಾರೂ ಹೇಳಲಿಲ್ಲ. ಎಲ್ಲ ಕಡತಗಳೂ ಎಲ್‌0ದಲ್ಲೇ ಇರುತ್ತವೆ, ಹಳೆಯದಾದದ್ದನ್ನು ಅಳಿಸುವುದಷ್ಟೇ ಕೆಲಸ. ಹೆಣೆಯುವ ಸಿಪಿಯು ಖರ್ಚು ಸೊನ್ನೆ.

ಕಡತಗಾರ

ಖರ್ಚು ಸೊನ್ನೆ ಎಂಬುದು ಬರಹದ ಮಟ್ಟಿಗೆ ನಿಜ. ಆದರೆ ದಿನಕ್ಕೊಂದರಂತೆ 365 ಕಡತ ಎಲ್‌0ದಲ್ಲಿ ನಿಲ್ಲುತ್ತವೆ. ಮಳೆಗಾಲದ ಕಡತಗಳು ಒಂದನ್ನೊಂದು ಅತಿಕ್ರಮಿಸುವುದರಿಂದ ಜುಲೈ ತಿಂಗಳ ಓದುಗಳಿಗೆ ಹೆಚ್ಚು ಕಡತಗಳನ್ನು ಒಟ್ಟಿಗೆ ತೆರೆದು ಹೆಣೆಯಬೇಕಾಗುತ್ತದೆ, ಮತ್ತು ಆ ಕೆಲಸ ಓದಿದಾಗಲೆಲ್ಲ ಮರುಕಳಿಸುತ್ತದೆ. ದಾಖಲೆಗಳ ವಯಸ್ಸನ್ನು ನೋಡದೆ ಕಡತದ ವಯಸ್ಸಿನಿಂದ ಅಳಿಸುತ್ತದೆ ಎಂಬುದು ಇನ್ನೊಂದು ಮಾತು. ಕೆಟ್ಟ ಆಯ್ಕೆ ಎನ್ನುತ್ತಿಲ್ಲ, ಬರೀ ಲಾಗ್ ಕೂಡಿಡುವವರಿಗೆ ಅದೇ ಸರಿ. ಇಲ್ಲಿ ಲೆವೆಲ್ಡ್ (ಹಂತಹಂತದ) ಪದ್ಧತಿಯೇ ಹೆಣೆಯದೆ ಕೆಳಗಿಳಿಸುವಾಗ ಫೀಫೋದ ಲಾಭವೇಕೆ ಬೇಕು?

ರಾತ್ರಿಪಾಳಿ

ನನ್ನ ಝಡ್‌ರ್ಯಾಮ್ ಸಲಹೆಗೆ ಯಾರೂ ಉತ್ತರಿಸಲಿಲ್ಲ.

ಕಡತಗಾರ

ಉತ್ತರ ಇಲ್ಲಿದೆ. ಝಡ್‌ರ್ಯಾಮ್ ಎಂದರೆ ಮೆಮೊರಿ ಪುಟಗಳನ್ನು ಕುಗ್ಗಿಸಿ ಮೆಮೊರಿಯಲ್ಲೇ ಇಡುವುದು. ಇವರ ಮೆಮೊರಿಯ ಅತಿ ದೊಡ್ಡ ಪಾಲು ಬ್ಲೂಮ್ ಫಿಲ್ಟರ್‌ಗಳದ್ದು. ಚೆನ್ನಾಗಿ ಅಳವಡಿಸಿದ ಬ್ಲೂಮ್ ಫಿಲ್ಟರಿನಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ಯಾವ ಕ್ರಮವೂ ಇಲ್ಲದೆ ಒಂದಾಗಿರುತ್ತವೆ, ಅದನ್ನು ಯಾವ ಅಲ್ಗಾರಿದಮ್ಮಿನಿಂದಲೂ ಕುಗ್ಗಿಸಲು ಬರುವುದಿಲ್ಲ. ಸಿಪಿಯು ಮೊದಲೇ ಏದುಸಿರು ಬಿಡುತ್ತಿರುವಾಗ ಕುಗ್ಗದ ಪುಟಗಳನ್ನು ಕುಗ್ಗಿಸಲು ಹೆಣಗುವುದು ಇನ್ನೊಂದು ಹೊರೆ.

ಅದಕ್ಕಿಂತ ಮುಖ್ಯವಾಗಿ, ಈ ಫಿಲ್ಟರ್‌ಗಳು ಇವರಿಗೆ ಬೇಕೇ ಇಲ್ಲ. ಒಂದು ನಿರ್ದಿಷ್ಟ ಕೀ ಕಡತದಲ್ಲಿ ಇದೆಯೇ ಎಂದು ಕೇಳುವವರಿಗೆ ಇಡೀ ಕೀಯ ಮೇಲೆ ಕಟ್ಟಿದ ಬ್ಲೂಮ್ ಫಿಲ್ಟರ್ ಉಪಯುಕ್ತ. ಇಂತಿಂಥ ಸಮಯದಿಂದ ಇಂತಿಂಥ ಸಮಯದವರೆಗೆ ಎಂದು ಸಾಲಾಗಿ ಓದುವವರಿಗೆ ಅದು ಏನನ್ನೂ ಹೇಳಲಾರದು. ಎಲ್ಲ ಓದುಗಳೂ ಅಂಥವೇ ಆಗಿದ್ದರೆ ಫಿಲ್ಟರನ್ನು ಪೂರ್ತಿ ತೆಗೆದುಬಿಡಿ: 300 ಎಂಬಿ ಉಳಿಯಿತು. ಕಂಪ್ಯಾಕ್ಷನ್ನಿನಲ್ಲಿ ಪ್ರತಿ ಕೀಯ ಹ್ಯಾಶ್ ಲೆಕ್ಕ ಹಾಕುವ ಕೆಲಸವೂ, ಫಿಲ್ಟರ್ ಕಟ್ಟುವವರೆಗೆ ಆ ಹ್ಯಾಶ್‌ಗಳನ್ನು ಹಿಡಿದಿಡುವ ಮೆಮೊರಿಯೂ ಉಳಿದವು.

ಒಂಟಿ ಕೀಯ ಓದುಗಳೂ ಇವೆ ಎನ್ನುವವರು ಕೊನೆಯ ಹಂತಕ್ಕೆ ಮಾತ್ರ ಫಿಲ್ಟರ್ ಬೇಡವೆಂದು ಹೇಳಬಹುದು. ದತ್ತಾಂಶದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಲ್ಲೇ ಇರುತ್ತದೆ. ರಿಬ್ಬನ್ ಫಿಲ್ಟರ್ ಇನ್ನೊಂದು ದಾರಿ, ಸುಮಾರು 30 ಪ್ರತಿಶತ ಮೆಮೊರಿ ಉಳಿಸುತ್ತದೆ, ಆದರೆ ಕಟ್ಟುವಾಗ ಹಲವು ಪಟ್ಟು ಸಿಪಿಯು ಕೇಳುತ್ತದೆ. ಇವರಂಥವರಿಗೆ ಅದು ಒಗ್ಗುವುದಿಲ್ಲ.

ಗೂಡು64

ಬ್ಲಾಕನ್ನು 16 ಕೆಬಿ ಮಾಡಿದರೆ ಇಂಡೆಕ್ಸ್ ಕೂಡ ಕಾಲು ಭಾಗಕ್ಕೆ ಇಳಿಯುತ್ತದೆ, 150ರಿಂದ 40 ಎಂಬಿಯ ಒಳಗೆ. ದೊಡ್ಡ ಬ್ಲಾಕ್ ಚೆನ್ನಾಗಿಯೇ ಕುಗ್ಗುವುದರಿಂದ ಡಿಕ್ಷನರಿಯ ಅವಶ್ಯಕತೆ ಬಹುಮಟ್ಟಿಗೆ ಹೋಗುತ್ತದೆ. ಡಿಕ್ಷನರಿ ಮುಖ್ಯವಾಗಿ ಸಣ್ಣ ಬ್ಲಾಕ್‌ಗಳ ಊರುಗೋಲು. ಅದನ್ನೂ ತೆಗೆದರೆ ಆ 256 ಎಂಬಿಯೂ ಉಳಿಯಿತು.

ಆದರೆ ನನ್ನ ಮೂಲ ತಕರಾರು ಬೇರೆ. ನಿಮಿಷಕ್ಕೊಂದು ಕೀ ಏಕೆ? ಒಂದು ಸೆನ್ಸರಿನ ಒಂದು ಗಂಟೆಯ 60 ದಾಖಲೆಗಳನ್ನು ಒಂದೇ ವ್ಯಾಲ್ಯೂನೊಳಗೆ ಕಟ್ಟಿಡಿ. 26 ಕೋಟಿ ಕೀಗಳು 44 ಲಕ್ಷಕ್ಕೆ ಇಳಿಯುತ್ತವೆ. ಕಂಪ್ಯಾಕ್ಷನ್ನಿನ ಸಿಪಿಯು ಖರ್ಚಿನಲ್ಲಿ ಕೀಗಳ ಹೋಲಿಕೆ, ಆವೃತ್ತಿಗಳ ಪರಿಶೀಲನೆ ಇವೆಲ್ಲ ಕೀಗಳ ಎಣಿಕೆಯನ್ನು ಅನುಸರಿಸುತ್ತವೆಯೇ ಹೊರತು ಬೈಟುಗಳ ಎಣಿಕೆಯನ್ನಲ್ಲ. ಸಮಯಗಳ ವ್ಯತ್ಯಾಸದ ವ್ಯತ್ಯಾಸವನ್ನೂ, ಅಕ್ಕಪಕ್ಕದ ಅಳತೆಗಳು ಬೇರೆಯಾಗುವ ಬಿಟ್‌ಗಳನ್ನೂ ಮಾತ್ರ ಬರೆಯುವ ವಿಧಾನವನ್ನು ಫೇಸ್‌ಬುಕ್‌ನವರು ಗೊರಿಲ್ಲಾ ಎಂಬ ವ್ಯವಸ್ಥೆಗಾಗಿ 2015ರಲ್ಲಿ ವಿವರಿಸಿದ್ದರು. 16 ಬೈಟಿನ ಸಮಯ ಮತ್ತು ಮೌಲ್ಯದ ಜೋಡಿ ಅವರ ದತ್ತಾಂಶದಲ್ಲಿ ಸರಾಸರಿ 1.37 ಬೈಟಿಗೆ ಇಳಿದಿತ್ತು. ನಿಮ್ಮ ಮಣ್ಣಿನ ತೇವ ನಿಮಿಷದಿಂದ ನಿಮಿಷಕ್ಕೆ ಎಷ್ಟು ಬದಲಾದೀತು?

ನಿಧಾನಿ

ಗಂಟೆ ತುಂಬುವವರೆಗೆ ಆ 60 ದಾಖಲೆಗಳು ಎಲ್ಲಿರುತ್ತವೆ? ಮೆಮೊರಿಯಲ್ಲಿ ಎಂದರೆ ಮಲೆನಾಡಿನ ಕರೆಂಟನ್ನು ನೀವು ಕಂಡಿಲ್ಲ ಎಂದಾಯಿತು.

ಗೂಡು64

ಮೆಮೊರಿಯಲ್ಲಿ ಬೇಡ. ಬಂದ ದಾಖಲೆಯನ್ನು ಈಗಿನಂತೆಯೇ ಸಣ್ಣ ಕಾಲಂ ಫ್ಯಾಮಿಲಿಯೊಂದಕ್ಕೆ (ಅದೇ ದತ್ತಸಂಚಯದೊಳಗಿನ ಪ್ರತ್ಯೇಕ ವಿಭಾಗಕ್ಕೆ) ಬರೆಯಿರಿ. ಲಾಗ್ ಇರುವುದರಿಂದ ಕರೆಂಟು ಹೋದರೂ ಉಳಿಯುತ್ತದೆ. ಗಂಟೆ ಮುಗಿದು, ತಡವಾಗಿ ಬರುವವಕ್ಕೆ ಒಂದಿಷ್ಟು ಸಮಯ ಕೊಟ್ಟು, ಕಟ್ಟಿದ ಕಂತೆಯನ್ನು ದೊಡ್ಡ ಕಾಲಂ ಫ್ಯಾಮಿಲಿಗೆ ಸಾಗಿಸಿ. ಒಂದೇ ರೈಟ್ ಬ್ಯಾಚಿನಲ್ಲಿ ಅಲ್ಲಿ ಸೇರಿಸಿ ಇಲ್ಲಿ ಅಳಿಸಿದರೆ ಎರಡೂ ಒಟ್ಟಿಗೆ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ.

ನಿಧಾನಿ

ಆಗಬಹುದು. ಮೂರು ದಿನ ತಡವಾಗಿ ಬಂದದ್ದಕ್ಕೆ ಮಾತ್ರ ಕಂತೆಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ನಾನಾಗಿದ್ದರೆ ಮೊದಲು ಕೀಯ ಕ್ರಮ ಬದಲಿಸಿ, ಸಾಲದಿದ್ದರೆ ಮಾತ್ರ ಇದಕ್ಕೆ ಕೈಹಾಕುತ್ತಿದ್ದೆ.

ಚಿಪ್ಪಿನೊಳಗೆ

ಇಎಂಎಂಸಿಯ ಬದಿಯಿಂದ ಒಂದು ಮಾತು, ಏಕೆಂದರೆ ಇದರೊಳಗೆ ನಿಮಗೆ ಕಾಣದ ಇನ್ನೊಂದು ಕಂಪ್ಯಾಕ್ಷನ್ ನಡೆಯುತ್ತಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಕೆಲವೇ ಕೆಬಿಯ ಪುಟಗಳಾಗಿ ಬರೆಯಬಹುದು, ಅಳಿಸುವುದು ಮಾತ್ರ ಎಂಬಿಗಟ್ಟಲೆಯ ಬ್ಲಾಕ್‌ಗಳಾಗಿಯೇ. ಬ್ಲಾಕಿನಲ್ಲಿ ಇನ್ನೂ ಬೇಕಾದ ಪುಟಗಳಿದ್ದರೆ ನಿಯಂತ್ರಕ ಅವನ್ನು ಬೇರೆಡೆಗೆ ನಕಲು ಮಾಡಿಯೇ ಅಳಿಸಬೇಕು. ಲಾಗ್ ರೂಪದ ಕಡತ ವ್ಯವಸ್ಥೆಯ ಬಗ್ಗೆ ರೋಸೆನ್‌ಬ್ಲಮ್ ಮತ್ತು ಆಸ್ಟರ್‌ಹೌಟ್ 1991ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ: ಶುಚಿಗೊಳಿಸುವ ತುಂಡಿನಲ್ಲಿ ಜೀವಂತ ದತ್ತಾಂಶದ ಪಾಲು ಯು ಆದರೆ, ಹೊಸ ಬರಹದ ವೆಚ್ಚ, ಒಂದರಿಂದ ಯು ಕಳೆದರೆ ಉಳಿಯುವ ಸಂಖ್ಯೆಯಿಂದ ಎರಡನ್ನು ಭಾಗಿಸಿದಷ್ಟು. ಅರ್ಧ ತುಂಬಿದ್ದರೆ ನಾಲ್ಕು ಪಟ್ಟು, 80 ಪ್ರತಿಶತ ತುಂಬಿದ್ದರೆ ಹತ್ತು ಪಟ್ಟು.

ಆದ್ದರಿಂದ ಡಿಸ್ಕಿನಲ್ಲಿ ಸಾಕಷ್ಟು ಖಾಲಿ ಜಾಗ ಬಿಡುವುದು, ಕಡತಗಳನ್ನು ಅಳಿಸಿದ ಮೇಲೆ ಎಫ್‌ಎಸ್‌ಟ್ರಿಮ್ ಓಡಿಸಿ ಯಾವ ಪುಟಗಳು ಬೇಡವೆಂದು ಚಿಪ್ಪಿಗೆ ತಿಳಿಸುವುದು ಎರಡೂ ಮುಖ್ಯ. ಒಂದೇ ಕಾಲದಲ್ಲಿ ಬರೆದು ಒಂದೇ ಕಾಲದಲ್ಲಿ ಅಳಿಸುವ ದಿನಗಟ್ಟಲೆಯ ಕಡತಗಳು ಇಲ್ಲೂ ಒಳ್ಳೆಯವು, ಏಕೆಂದರೆ ಅವುಗಳ ಪುಟಗಳು ಅಕ್ಕಪಕ್ಕದಲ್ಲಿದ್ದು ಒಟ್ಟಿಗೆ ಸಾಯುವ ಸಾಧ್ಯತೆ ಹೆಚ್ಚು. ಮೆಮೊರಿಯ ಚಿಂತೆಯೂ ಅಲ್ಲೊಂದಿದೆ: ಯಾವ ದತ್ತಾಂಶ ಯಾವ ಪುಟದಲ್ಲಿದೆ ಎಂಬ ನಕಾಶೆಯನ್ನು 4 ಕೆಬಿಗೆ 4 ಬೈಟಿನಂತೆ ಪೂರ್ತಿ ಇಟ್ಟುಕೊಂಡರೆ 1 ಟಿಬಿಗೆ 1 ಜಿಬಿ ಬೇಕು. ಡಿರ್ಯಾಮ್ ಇಲ್ಲದ ಅಗ್ಗದ ಸಾಧನಗಳು ನಕಾಶೆಯ ತುಣುಕುಗಳನ್ನು ಆಗಾಗ ಫ್ಲ್ಯಾಶಿನಿಂದಲೇ ತಂದುಕೊಳ್ಳುತ್ತವೆ, ಆದ್ದರಿಂದ ಚದುರಿದ ಬರಹಗಳು ಅವುಗಳಿಗೆ ಎರಡು ಪಟ್ಟು ಕಷ್ಟ.

ಬಿಸಿಲುಕುದುರೆ

ಎಲ್‌ಝಡ್4 ಮೇಲೆ, ಝಡ್‌ಸ್ಟ್ಯಾಂಡರ್ಡ್ ಕೆಳಗೆ ಎಂಬ ವ್ಯವಸ್ಥೆಯನ್ನು ಹಾಗೇ ಬಿಡಬಹುದಲ್ಲವೇ? ಎಲ್ಲರೂ ಹಾಗೆಯೇ ಮಾಡುವುದು.

ಅಂಕಿಅಂಶ

ಎಲ್ಲರೂ ಮಾಡುವುದು ಹೆಣೆಯಲೇಬೇಕಾದ ದತ್ತಾಂಶಕ್ಕೆ. ಇಲ್ಲಿ ಅದೇ ಕಾಲಿಗೆ ತೊಡರುತ್ತದೆ: ಮೇಲಿನ ಹಂತದ ಸಂಕೋಚನ ವಿಧಾನ ಕೆಳಗಿನ ಹಂತದ್ದಕ್ಕಿಂತ ಬೇರೆಯಾಗಿದ್ದರೆ ರಾಕ್ಸ್‌ಡಿಬಿ ಕಡತವನ್ನು ಹಾಗೆಯೇ ಕೆಳಗಿಳಿಸುವುದಿಲ್ಲ, ಬಿಚ್ಚಿ ಮತ್ತೆ ಕುಗ್ಗಿಸುತ್ತದೆ. ದಿನಕ್ಕೆ 72 ಎಂಬಿ ಬರೆಯುವವರು ಮೊದಲ ಫ್ಲಶ್‌ನಲ್ಲೇ ಝಡ್‌ಸ್ಟ್ಯಾಂಡರ್ಡ್ ಬಳಸಿದರೆ ಆಗುವ ಸಿಪಿಯು ಖರ್ಚು ನಗಣ್ಯ. ಎಲ್ಲ ಹಂತಗಳಿಗೂ ಒಂದೇ ವಿಧಾನ ಕೊಡಿ.

ಬಿಸಿಲುಕುದುರೆ

ಇದು ಗೊತ್ತಿರಲಿಲ್ಲ.

ಸರ್ವರ್‌ಕೋಣೆ

ಮೆಮೊರಿ ಹಂಚುವ ಗ್ರಂಥಾಲಯವನ್ನೂ ನೋಡಿ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವ ಜಿಲಿಬ್‌ಸಿಯ ಮಾಲೋಕ್ 64 ಬಿಟ್ ಯಂತ್ರದಲ್ಲಿ ಕೋರಿಗೆ ಎಂಟರಂತೆ ಅರೀನಾಗಳನ್ನು (ಮೆಮೊರಿ ಹಂಚುವ ಪ್ರತ್ಯೇಕ ಕಣಗಳನ್ನು) ಮಾಡಿಕೊಳ್ಳಬಲ್ಲದು, ನಾಲ್ಕು ಕೋರಿಗೆ 32. ಕಂಪ್ಯಾಕ್ಷನ್ ದಾರಗಳು (ಥ್ರೆಡ್‌ಗಳು) ಸಣ್ಣ ದೊಡ್ಡ ಬ್ಲಾಕ್‌ಗಳನ್ನು ಬೆರೆಸಿ ಪಡೆದು ಬಿಡುವುದರಿಂದ ಅರೀನಾಗಳಲ್ಲಿ ತೂತುಗಳು ಉಳಿದು, ಕೆಲಸ ಮುಗಿದ ಮೇಲೂ ಮೆಮೊರಿ ಕರ್ನಲ್‌ಗೆ ಮರಳುವುದಿಲ್ಲ. ಅರೀನಾಗಳ ಸಂಖ್ಯೆಯನ್ನು ಎರಡಕ್ಕೆ ಇಳಿಸಿ ನೋಡಿ, ಅಥವಾ ಜೆಮಾಲೋಕ್ ಎಂಬ ಬೇರೆ ಗ್ರಂಥಾಲಯದ ಜೊತೆ ಕಟ್ಟಿ.

ಹೇಮಾವತಿದಂಡೆ

ಹೇಳಿದ್ದರಲ್ಲಿ ಬಹುಪಾಲನ್ನು ಒಂದು ಪೆಟ್ಟಿಗೆಯಲ್ಲಿ ಅಳವಡಿಸಿ ನೋಡಿದ್ದೇನೆ. ಕೀಯನ್ನು ದಿನ, ಸೆನ್ಸರ್, ಸಮಯ ಎಂದು ಬದಲಿಸಿದೆ; ಫಿಲ್ಟರ್ ಮತ್ತು ಡಿಕ್ಷನರಿ ತೆಗೆದೆ; ಬ್ಲಾಕ್ 16 ಕೆಬಿ, ಎಲ್ಲ ಹಂತಕ್ಕೂ ಝಡ್‌ಸ್ಟ್ಯಾಂಡರ್ಡ್, ಸಬ್‌ಕಂಪ್ಯಾಕ್ಷನ್ ಒಂದು, ಅರೀನಾ ಎರಡು. ಹಳೆಯ ದತ್ತಾಂಶವನ್ನು ಪೆಟ್ಟಿಗೆಯಲ್ಲೇ ಪರಿವರ್ತಿಸದೆ ಲ್ಯಾಪ್‌ಟಾಪಿಗೆ ತಂದು, ಹೊಸ ಕ್ರಮದಲ್ಲಿ ವಿಂಗಡಿಸಿ, ಸಿದ್ಧ ಕಡತಗಳಾಗಿ ಮರಳಿ ಸೇರಿಸಿದೆ. ರಾತ್ರಿಯ ಪೂರ್ತಿ ಕಂಪ್ಯಾಕ್ಷನ್ ಕರೆಯನ್ನು ತೆಗೆದುಹಾಕಿ, ಆ ಜಾಗದಲ್ಲಿ ವರ್ಷ ದಾಟಿದ ದಿನಗಳ ವ್ಯಾಪ್ತಿಯ ಕಡತಗಳನ್ನು ಎತ್ತಿಹಾಕುವ ಕರೆ ಹಾಕಿದ್ದೇನೆ. ಪ್ರಕ್ರಿಯೆ ಈಗ 300 ಎಂಬಿಯ ಒಳಗೇ ಇದೆ, ಮಧ್ಯರಾತ್ರಿ ಸಿಪಿಯು ನಕ್ಷೆಯಲ್ಲಿ ಫ್ಲಶ್‌ನ ಒಂದು ಸಣ್ಣ ಗೀಟು ಮಾತ್ರ ಕಾಣುತ್ತದೆ. ಗಂಟೆಯ ಕಂತೆಗಳ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಉಳಿದ ಪ್ರಶ್ನೆಯೊಂದಿದೆ. ಎತ್ತಿಹಾಕುವ ಕರೆ ಕೊಟ್ಟರೂ ಅತ್ಯಂತ ಹಳೆಯ ದಿನದ ಒಂದಿಷ್ಟು ದಾಖಲೆಗಳು ಉಳಿದೇ ಇರುತ್ತವೆ. ಇದು ಸಹಜವೇ?

ಕಡತಗಾರ

ಸಹಜವೇ. ಆ ಕರೆ ಪೂರ್ತಿಯಾಗಿ ವ್ಯಾಪ್ತಿಯೊಳಗೆ ಬೀಳುವ ಕಡತಗಳನ್ನು ಮಾತ್ರ ತೆಗೆಯುತ್ತದೆ, ಗಡಿಯ ಮೇಲೆ ಕುಳಿತ ಕಡತವನ್ನು ಮುಟ್ಟುವುದಿಲ್ಲ, ಎಲ್‌0ದಲ್ಲಿರುವವನ್ನೂ ನೋಡುವುದಿಲ್ಲ. ನಾಳೆಯೋ ನಾಡಿದ್ದೋ ಗಡಿ ಮುಂದೆ ಸರಿದಾಗ ತಾನಾಗಿ ಹೋಗುತ್ತವೆ. ಕಾನೂನಿನ ಕಾರಣಕ್ಕೆ ಅಂದೇ ಅಳಿಯಬೇಕಾದ ದತ್ತಾಂಶವಾಗಿದ್ದರೆ ಬೇರೆ ಮಾತು, ಮಣ್ಣಿನ ತೇವಕ್ಕೆ ಅಂಥ ಅವಸರವಿಲ್ಲ.

ಆದರೆ ಇನ್ನೊಂದನ್ನು ಗಮನಿಸಿ: ಈ ಕರೆ ಸ್ನ್ಯಾಪ್‌ಶಾಟ್‌ಗಳನ್ನು (ಒಂದು ಕ್ಷಣದ ದತ್ತಾಂಶದ ಸ್ಥಿರ ನೋಟಗಳನ್ನು) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಹೊತ್ತಿಗೆ ಸ್ನ್ಯಾಪ್‌ಶಾಟ್ ಹಿಡಿದು ಬ್ಯಾಕಪ್ ಓದುತ್ತಿದ್ದರೆ ಹಳೆಯ ದಿನಗಳು ಅದರ ನಡುವಿನಲ್ಲೇ ಕಣ್ಮರೆಯಾಗಬಹುದು.

ಹೇಮಾವತಿದಂಡೆ

ಬ್ಯಾಕಪ್ ರಾತ್ರಿ ಒಂದು ಗಂಟೆಗೆ ಇದೆ, ಅದು ಚೆಕ್‌ಪಾಯಿಂಟ್ (ಆ ಕ್ಷಣದ ಕಡತಗಳ ಪ್ರತ್ಯೇಕ ಕೋಶ) ಮಾಡಿ ಅಲ್ಲಿಂದ ನಕಲು ತೆಗೆಯುತ್ತದೆ. ಅದಕ್ಕೂ ಈ ತೊಂದರೆ ಇದೆಯೇ?

ಕಡತಗಾರ

ಇಲ್ಲ. ಚೆಕ್‌ಪಾಯಿಂಟ್ ಅದೇ ಕಡತ ವ್ಯವಸ್ಥೆಯಲ್ಲಿದ್ದರೆ ಕಡತಗಳಿಗೆ ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಮಾಡಿಕೊಳ್ಳುತ್ತದೆ, ಆದ್ದರಿಂದ ಮೂಲವನ್ನು ಎತ್ತಿಹಾಕಿದರೂ ಅದರ ಪ್ರತಿ ಉಳಿಯುತ್ತದೆ. ನಕಲು ಮುಗಿದ ಮೇಲೆ ಚೆಕ್‌ಪಾಯಿಂಟಿನ ಕೋಶವನ್ನು ಅಳಿಸಿ, ಅಲ್ಲಿಯವರೆಗೆ ಆ ಜಾಗ ಖಾಲಿಯಾಗುವುದಿಲ್ಲ. ಎಫ್‌ಎಸ್‌ಟ್ರಿಮ್ ಅನ್ನೂ ಅದಾದ ಮೇಲೆಯೇ ಓಡಿಸಿ.